ಹಿತ್ತಲ ಹಣ್ಣಿಗೆ ಬೆಲೆ ಕಟ್ಟುವ ಬಗೆ

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯಿಂದ ಹೆಸರಾದ ಊರು. ಗುಡ್ಡಗಳ ನಡುವೆ ನಿಂತ ಈ ಹಳೆಯ ಕೆರೆಗೆ ಮೋತಿ ತಲಾಬ್ ಎಂಬ ಹೆಸರೂ ಉಂಟು. ಕೆರೆಯ ಕೆಳಗೆ ಭತ್ತ, ಕಬ್ಬು, ಬದುವಿನ ಮೇಲೆ ತೆಂಗು, ಕೊಟ್ಟಿಗೆಯಲ್ಲಿ ಒಂದೆರಡು ಹಸು, ಹಿತ್ತಲಿನಲ್ಲಿ ಮಾವು, ಸಪೋಟ, ಹಲಸು, ಸೀಬೆ, ನಾಲ್ಕು ಬುಡ ಬಾಳೆ. ಈ ಸೀಮೆಯ ಸಣ್ಣ ಹಿಡುವಳಿಗಳು ಬಹುಮಟ್ಟಿಗೆ ಹೀಗೆಯೇ ಇರುತ್ತವೆ.

ಇಲ್ಲಿಯ ರೈತನು ಮಾರುವ ಮುಖ್ಯ ಪದಾರ್ಥಗಳಿಗೆ ಬೆಲೆಯನ್ನು ಗೊತ್ತು ಮಾಡುವವರು ಬೇರೆಯವರು. ಕಬ್ಬಿಗೆ ಸಕ್ಕರೆಯ ಇಳುವರಿಯನ್ನು ನೋಡಿ ಕೇಂದ್ರ ಸರ್ಕಾರವು ಪ್ರತಿ ಹಂಗಾಮಿಗೆ ದರವನ್ನು ಪ್ರಕಟಿಸುತ್ತದೆ. ಭತ್ತಕ್ಕೆ ಬೆಂಬಲ ಬೆಲೆ ಇದೆ. ಹಾಲನ್ನು ಡೇರಿಯಲ್ಲಿ ಅಳೆದು, ಜಿಡ್ಡಿನ ಅಂಶವನ್ನು ಪರೀಕ್ಷಿಸಿ ಚೀಟಿ ಕೊಡುತ್ತಾರೆ. ದರ ಸಾಲದು ಎಂದು ಜಗಳವಾಡಬಹುದು, ಆದರೆ ದರ ಎಷ್ಟು ಎಂಬ ಬಗ್ಗೆ ಅನುಮಾನವಿರುವುದಿಲ್ಲ. ಹಿತ್ತಲಿನ ಹಣ್ಣಿಗೆ ಮಾತ್ರ ಇಂತಹ ಚೀಟಿ ಯಾವುದೂ ಇಲ್ಲ. ಮಾರುವವರೇ ಬೆಲೆ ಹೇಳಬೇಕು. ಈ ಅಭ್ಯಾಸವಿಲ್ಲದ ಕಾರಣ, ಕಬ್ಬಿನ ತೂಕದಲ್ಲಿ ಹತ್ತು ಕಿಲೋ ವ್ಯತ್ಯಾಸ ಬಂದರೆ ತಕರಾರು ಮಾಡುವ ಮನೆಯವರೇ ಮಾವಿನ ಮರವನ್ನು ಬಂದವನು ಹೇಳಿದ ಮೊದಲ ಮಾತಿಗೆ ಒಪ್ಪಿಸಿಬಿಡುತ್ತಾರೆ. ಹಿತ್ತಲಿನ ಮರದ ಹಣವು ಎಷ್ಟೋ ಮನೆಗಳಲ್ಲಿ ಹೆಂಗಸರ ಕೈಗೆ ಬರುವ ಹಣ. ಜೂನ್ ತಿಂಗಳಲ್ಲಿ ಮಕ್ಕಳ ಶಾಲೆಯ ಖರ್ಚಿಗೆ ಒದಗುವುದು ಅದೇ. ಆದುದರಿಂದ ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ.

ಮರಕ್ಕೆ ಖರ್ಚೇನೂ ಇಲ್ಲವೆ?

‘ನೆಟ್ಟದ್ದು ಅಪ್ಪ, ನೀರು ಮಳೆಯದು, ಸಿಕ್ಕಿದ್ದೆಲ್ಲ ಲಾಭ’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಬೆಳೆಸುವ ಖರ್ಚಿನ ಮಟ್ಟಿಗೆ ಇದು ಅಷ್ಟಿಷ್ಟು ನಿಜವಿರಬಹುದು. ಆದರೆ ಹಣ್ಣನ್ನು ಕೀಳುವುದಕ್ಕೆ, ಆರಿಸುವುದಕ್ಕೆ, ಪೇಟೆಗೆ ಮುಟ್ಟಿಸುವುದಕ್ಕೆ ಖರ್ಚು ಇದ್ದೇ ಇದೆ. ಈ ಖರ್ಚಿಗಿಂತ ಕೆಳಗಿನ ಬೆಲೆಗೆ ಮಾರುವುದೆಂದರೆ ಕೈಯಿಂದ ಹಣ ಹಾಕಿ ಹಣ್ಣನ್ನು ದಾನ ಮಾಡಿದಂತೆ. ದಾನವನ್ನು ಊರಿನಲ್ಲಿಯೇ ಮಾಡಬಹುದು, ಅದಕ್ಕೆ ಮೈಸೂರಿಗೆ ಹೋಗಬೇಕಾಗಿಲ್ಲ. ಇದು ಅತ್ಯಂತ ಕೆಳಗಿನ ಮಿತಿ.

ಇದರ ಮೇಲಿನ ಮಿತಿಯಲ್ಲಿ ವರ್ಷದ ಖರ್ಚು ಸೇರುತ್ತದೆ: ಗೊಬ್ಬರ, ಪಾತಿ, ಔಷಧಿ, ಕಾವಲು. ಹತ್ತಿಪ್ಪತ್ತು ಮರಗಳ ತೋಟವಾದರೆ ಇನ್ನೂ ಒಂದು ಮಿತಿಯನ್ನು ನೋಡಬೇಕು. ಸಪೋಟದ ಕಸಿ ಗಿಡ ಮೂರನೆಯ ವರ್ಷದ ಹೊತ್ತಿಗೆ ಕಾಯಿ ತೋರಿಸಿದರೂ ಲೆಕ್ಕಕ್ಕೆ ಬರುವ ಫಸಲಿಗೆ ಏಳೆಂಟು ವರ್ಷ ಕಾಯಬೇಕಾಗುತ್ತದೆ. ಅಷ್ಟು ಕಾಲ ಆ ನೆಲ ಕಬ್ಬನ್ನೋ ರಾಗಿಯನ್ನೋ ಕೊಡುತ್ತಿತ್ತು. ಆ ಆದಾಯವನ್ನು ಬಿಟ್ಟುಕೊಟ್ಟದ್ದೂ ಹಣ್ಣಿನ ಖರ್ಚೇ.

ಹೊಸದಾಗಿ ಮರ ನೆಡಬೇಕೆ ಬೇಡವೆ ಎಂದು ಯೋಚಿಸುವಾಗ ಮೇಲಿನ ಮಿತಿಯನ್ನು ನೋಡಬೇಕು. ಹಣ್ಣು ಮಾಗಿ ಬುಟ್ಟಿಯಲ್ಲಿ ಕುಳಿತ ದಿನ ನೋಡಬೇಕಾದ್ದು ಕೆಳಗಿನ ಮಿತಿಯನ್ನು ಮಾತ್ರ. ಹತ್ತು ವರ್ಷದ ಹಿಂದೆ ಹಾಕಿದ ಹಣ ಇಂದಿನ ಪೇಟೆಯ ದರವನ್ನು ಏರಿಸುವುದಿಲ್ಲ. ‘ನನಗೆ ಇಷ್ಟು ಬಿದ್ದಿದೆ’ ಎಂದು ಹಟ ಹಿಡಿದು ಕೊಳೆಸಿದವರೂ ಇದ್ದಾರೆ, ‘ನನಗೇನೂ ಬಿದ್ದಿಲ್ಲ’ ಎಂದು ಬಿಟ್ಟಿ ಕೊಟ್ಟವರೂ ಇದ್ದಾರೆ. ಎರಡೂ ಲೆಕ್ಕ ತಪ್ಪಿದ ಮಾತೇ.

ಕೈಗೆ ಉಳಿಯುವ ದರ

ಹಣ್ಣಿನ ದರ ಎಂದರೆ ಪೇಟೆಯಲ್ಲಿ ಕೂಗಿದ ದರವಲ್ಲ, ಎಲ್ಲ ಖರ್ಚು ಕಳೆದ ಮೇಲೆ ಮನೆಗೆ ಬಂದ ದರ. ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ಇಲ್ಲಿಯ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಇಟ್ಟುಕೊಂಡವು. ರೈತರು ತಮ್ಮೂರಿನ ಕೂಲಿ, ಬಾಡಿಗೆ, ಆ ವಾರದ ದರಗಳನ್ನು ಹಾಕಿಕೊಳ್ಳಬೇಕು.

ತೊಣ್ಣೂರಿನ ಒಂದು ಹಿತ್ತಲಿನಲ್ಲಿ 100 ಕಿಲೋ ಸಪೋಟ ಕೀಳುವುದಕ್ಕೆ ಸಿದ್ಧವಾಗಿದೆ ಎಂದಿಟ್ಟುಕೊಳ್ಳೋಣ. ಮಂಡಿಯಲ್ಲಿ ಕಿಲೋಗೆ 30 ರೂಪಾಯಿ ನಡೆಯುತ್ತಿದೆ. ಮನೆಬಾಗಿಲಿಗೆ ಬಂದ ವ್ಯಾಪಾರಿ ತಾನೇ ಕಿತ್ತುಕೊಂಡು ಹೋಗುವುದಾಗಿಯೂ 22 ರೂಪಾಯಿ ಕೊಡುವುದಾಗಿಯೂ ಹೇಳುತ್ತಾನೆ. ಎಂಟು ರೂಪಾಯಿ ವ್ಯತ್ಯಾಸ ಕಂಡ ಕೂಡಲೇ ಮೈಸೂರಿಗೇ ಒಯ್ಯಬೇಕೆನಿಸುವುದು ಸಹಜ.

ಮಂಡಿಯಲ್ಲಿ ಜಜ್ಜಿದ ಹಣ್ಣು, ಸೂಟು ಎಂದು 5 ಕಿಲೋ ಹೋಗುತ್ತದೆ. ಉಳಿದ 95 ಕಿಲೋಗೆ 2,850 ರೂಪಾಯಿ. ಇದರಲ್ಲಿ ನೂರಕ್ಕೆ ಹತ್ತರಂತೆ ಕಮಿಷನ್ 285, ಹಮಾಲಿ 60, ಬಾಡಿಗೆ 250, ಕೀಳುವ ಕೂಲಿ 300 ಕಳೆದರೆ ಕೈಗೆ ಉಳಿಯುವುದು 1,955 ರೂಪಾಯಿ, ಅಂದರೆ ಕಿಲೋಗೆ 20 ರೂಪಾಯಿಯೂ ಇಲ್ಲ. ಮನೆಬಾಗಿಲಿನ ವ್ಯಾಪಾರಿ ಕೊಡುವುದು ಖರ್ಚಿಲ್ಲದ 2,200 ರೂಪಾಯಿ. ಕಡಿಮೆ ಎಂದು ಕಂಡ ದರವೇ ಹೆಚ್ಚಿನದು. (ಕಮಿಷನ್ ಖರೀದಿದಾರನಿಂದ ಬರತಕ್ಕದ್ದು, ರೈತನ ಪಟ್ಟಿಯಲ್ಲಿ ಹಿಡಿಯತಕ್ಕದ್ದಲ್ಲ ಎಂಬ ನಿಯಮವಿದ್ದರೂ ಹಣ್ಣು ತರಕಾರಿಗಳ ವ್ಯಾಪಾರದಲ್ಲಿ ಅದನ್ನು ಹಿಡಿಯುವ ರೂಢಿ ಹೋಗಿಲ್ಲ. ಪಟ್ಟಿಯನ್ನು ಬರೆಸಿಕೊಂಡು ಬಂದರೆ ಮಾತ್ರ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯಲ್ಲಿ ಕೇಳಲು ಆಧಾರವಿರುತ್ತದೆ.)

ಮೂರನೆಯ ದಾರಿ ಹಣ್ಣು ಮಾಗಿಸಿ ತಾವೇ ಕುಳಿತು ಚಿಲ್ಲರೆ ಮಾರುವುದು. ದರ 50 ರೂಪಾಯಿ ಎನ್ನೋಣ. ಮಾಗುವಾಗ ತೂಕ ಇಳಿದು, ಕೆಲವು ಕೊಳೆತು, 85 ಕಿಲೋ ಮಾರಾಟಕ್ಕೆ ಉಳಿಯುತ್ತದೆ. ಅದರಲ್ಲಿ 65 ಕಿಲೋ ಪೂರ್ತಿ ದರಕ್ಕೆ, ಸಂಜೆಯ ಮೇಲೆ ಉಳಿದ 20 ಕಿಲೋ ಅರ್ಧ ದರಕ್ಕೆ ಹೋದರೆ ಒಟ್ಟು 3,750 ರೂಪಾಯಿ. ಕೀಳುವ ಕೂಲಿ 300, ಸಾಗಾಣಿಕೆ 250, ಜಾಗದ ಸುಂಕ 50, ಒಬ್ಬರ ಎರಡು ದಿನದ ಕೂಲಿ 800 ಕಳೆದರೆ 2,350. ಮನೆಬಾಗಿಲಿನ ಬೆಲೆಗಿಂತ 150 ರೂಪಾಯಿ ಮಾತ್ರ ಹೆಚ್ಚು. ಗದ್ದೆಯಲ್ಲಿ ನಾಟಿ ನಡೆಯುತ್ತಿರುವಾಗ ಎರಡು ದಿನ ಸಂತೆಯಲ್ಲಿ ಕೂರುವುದು ಈ 150ಕ್ಕೆ ಯೋಗ್ಯವಲ್ಲ. ಬೇರೆ ಕೂಲಿಗೆ ಹೋಗದ ಹಿರಿಯರೊಬ್ಬರು ಮನೆಯಲ್ಲಿದ್ದು, ಕೂರಲು ಅವರಿಗೆ ಬೇಸರವಿಲ್ಲದಿದ್ದರೆ ಆ 800 ರೂಪಾಯಿಯೂ ಮನೆಗೇ ಬಂದಂತಾಗುವುದರಿಂದ ಲೆಕ್ಕ ಪೂರ್ತಿ ಬದಲಾಗುತ್ತದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಗಿದೆ. ಬುಟ್ಟಿಯನ್ನು ಬಸ್ಸಿನಲ್ಲಿ ಒಯ್ಯುವವರು ಸಾಗಾಣಿಕೆಯ ಸಾಲಿನಲ್ಲಿ ಸರಕಿನ ಚೀಟಿಯ ಹಣವನ್ನಷ್ಟೇ ಬರೆಯಬೇಕಾಗಬಹುದು. ದಿನದ ಕೂಲಿಯನ್ನು ಮಾತ್ರ ಮರೆಯಬಾರದು.

ಮೇಲುಕೋಟೆಯ ವೈರಮುಡಿಯ ದಿನಗಳಲ್ಲಿ, ರಜೆಯ ದಿನಗಳಲ್ಲಿ ಕೆರೆಯ ಕಡೆಗೆ ಜನ ಬಂದಾಗ ಊರ ಬಾಗಿಲಿನಲ್ಲೇ ಚಿಲ್ಲರೆ ವ್ಯಾಪಾರ ನಡೆಯುವುದುಂಟು. ಸಾಗಾಣಿಕೆ ಇಲ್ಲದ ಇಂತಹ ಮಾರಾಟದಲ್ಲಿ ಪೇಟೆಯ ಚಿಲ್ಲರೆ ದರಕ್ಕಿಂತ ನಾಲ್ಕಾರು ರೂಪಾಯಿ ಕಡಿಮೆ ಹೇಳಿದರೂ ನಷ್ಟವಿಲ್ಲ. ಆಂಧ್ರಪ್ರದೇಶದಲ್ಲಿ 1999ರಲ್ಲಿ ಆರಂಭವಾದ ರೈತು ಬಜಾರುಗಳಲ್ಲಿಯೂ ಸಗಟು ದರಕ್ಕಿಂತ ಮೇಲೆ, ಚಿಲ್ಲರೆ ದರಕ್ಕಿಂತ ಕೆಳಗೆ ದಿನದ ಬೆಲೆಯನ್ನು ಗೊತ್ತು ಮಾಡುವ ಕ್ರಮವಿದೆ. ಕೊಳ್ಳುವವರಿಗೂ ಮಾರುವವರಿಗೂ ಅಷ್ಟಷ್ಟು ಉಳಿಯುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿಯ ಬದಿಯ ವ್ಯಾಪಾರದ ಮಾತು ಬೇರೆ. 2023ರಲ್ಲಿ ಹೊಸ ರಸ್ತೆ ತೆರೆದ ಮೇಲೆ ದೂರದ ವಾಹನಗಳು ಊರುಗಳ ಹೊರಗಿನಿಂದಲೇ ಹೋಗುವುದರಿಂದ ಹಳೆಯ ರಸ್ತೆಯ ಹಣ್ಣಿನ ಅಂಗಡಿಗಳ ಬೇಡಿಕೆಯನ್ನು ನಂಬಿ ಹಣ್ಣು ಕೀಳುವುದು ಕ್ಷೇಮವಲ್ಲ.

ದರವನ್ನು ತಿಳಿಯಲು ಈಗ ಮೊಬೈಲ್ ಸಾಕು. ಕೃಷಿ ಮಾರಾಟ ಇಲಾಖೆಯ ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರಗಳಿರುತ್ತವೆ. ಅಂದು ಹೆಚ್ಚು ಸರಕು ಕೈ ಬದಲಾದ ದರವೇ ಮಾದರಿ ದರ. ಊರಿನ ಕಟ್ಟೆಯ ಮೇಲೆ ಸಾಮಾನ್ಯವಾಗಿ ಚರ್ಚೆಯಾಗುವುದು ಗರಿಷ್ಠ ದರ, ಲೆಕ್ಕಕ್ಕೆ ಬೇಕಾದ್ದು ಮಾದರಿ ದರ. ಚಿಲ್ಲರೆ ದರಕ್ಕೆ ಹಾಪ್‌ಕಾಮ್ಸ್‌ನ ದಿನದ ಪಟ್ಟಿ ಒಳ್ಳೆಯ ಅಳತೆಗೋಲು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಬೆಂಗಳೂರಿನಲ್ಲಿ ಹುಟ್ಟಿದ ಈ ಸಹಕಾರ ಸಂಸ್ಥೆಯ ಮಾರಾಟ ದರವನ್ನು ನಗರದ ಅಂಗಡಿಯವರೂ ಗಮನಿಸುತ್ತಾರೆ.

ಮರದ ಮೇಲಿನ ವ್ಯಾಪಾರ

ಈ ಸೀಮೆಯಲ್ಲಿ ಮಾವು, ಹಲಸು, ಹುಣಿಸೆಗಳ ಫಸಲನ್ನು ಮರದ ಮೇಲೆಯೇ ಗುತ್ತಿಗೆಗೆ ಕೊಡುವುದು ಬಹುಕಾಲದ ರೂಢಿ. ಮಲೆನಾಡಿನ ಕಡೆ ಇದನ್ನೇ ಚೇಣಿ ಎನ್ನುತ್ತಾರೆ. ರೈತರು ಹೆಚ್ಚು ಕಳೆದುಕೊಳ್ಳುವುದು ಇಲ್ಲಿ. ಹಾಗೆಂದು ಗುತ್ತಿಗೆದಾರನನ್ನು ಕಳ್ಳನೆಂದು ಬಗೆಯಬೇಕಾಗಿಲ್ಲ. ಏಪ್ರಿಲ್-ಮೇ ತಿಂಗಳ ಗಾಳಿ, ಆಲಿಕಲ್ಲು, ಬಾವಲಿ, ಕೋತಿ, ಕಾವಲು ಎಲ್ಲವೂ ಅವನ ತಲೆಯ ಮೇಲೆ ಬೀಳುತ್ತವೆ. ಆ ಜವಾಬ್ದಾರಿಗೆ ಅವನು ಬೆಲೆ ಹಿಡಿಯುವುದು ನ್ಯಾಯವೇ. ಮಾರುವವರಿಗೆ ಆ ಬೆಲೆ ಎಷ್ಟೆಂದು ತಿಳಿದಿರಬೇಕು, ಅಷ್ಟೆ.

ಅದಕ್ಕೆ ಮೊದಲು ಕಾಯಿಯನ್ನು ಎಣಿಸಬೇಕು. ಹೂವನ್ನು ನೋಡಿ ಫಸಲನ್ನು ಹೇಳಲಾಗದು. ಮಾವಿನ ಹೂಗೊಂಚಲಿನ ಸಾವಿರಾರು ಹೂಗಳಲ್ಲಿ ಕೊನೆಗೆ ನಿಲ್ಲುವುದು ಒಂದೆರಡು ಕಾಯಿ, ಎಷ್ಟೋ ಗೊಂಚಲುಗಳಲ್ಲಿ ಅದೂ ಇಲ್ಲ. ಕಾಯಿ ಕಚ್ಚಿದ ಮೊದಲ ಕೆಲವು ವಾರಗಳಲ್ಲಿ ಉದುರುವುದು ಹೆಚ್ಚು. ಕೋಳಿಮೊಟ್ಟೆಯ ಗಾತ್ರಕ್ಕೆ ಬಂದ ಮೇಲೆ ಉದುರುವುದು ಕಡಿಮೆಯಾಗುತ್ತದೆ. ಎಣಿಸಲು ಅದೇ ಸಕಾಲ. ಮರವನ್ನು ನಾಲ್ಕು ದಿಕ್ಕಿಗೆ ಭಾಗ ಮಾಡಿಕೊಂಡು ಒಂದು ಭಾಗವನ್ನು ನಿಧಾನವಾಗಿ ಎಣಿಸಿ ನಾಲ್ಕರಿಂದ ಗುಣಿಸಬೇಕು. ಬಿಸಿಲಿನ ಕಡೆಗೂ ನೆರಳಿನ ಕಡೆಗೂ ಫಸಲು ಸಮನಾಗಿರದಿದ್ದರೆ ಎರಡು ಭಾಗ ಎಣಿಸಿ ಇಮ್ಮಡಿ ಮಾಡುವುದು ಮೇಲು. ಒಳಕೊಂಬೆಯ ಕಾಯಿಗಳು ಕೆಳಗಿನಿಂದ ಕಾಣುವುದಿಲ್ಲ. ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟರೆ ಅಂದಾಜಿನಲ್ಲಿ ಅತಿಯಾಗುವ ಭಯವಿರುವುದಿಲ್ಲ.

ಒಂದು ಭಾಗದಲ್ಲಿ 150 ಕಾಯಿ ಎಂದರೆ ಮರಕ್ಕೆ 600. ಗಾಳಿ, ಬಾವಲಿಗಳಿಗೆ ಕಾಲು ಭಾಗ ಬಿಟ್ಟರೆ 450. ಹಣ್ಣು ಸರಾಸರಿ ಕಾಲು ಕಿಲೋ ತೂಗಿದರೆ 112 ಕಿಲೋಗೆ ಸ್ವಲ್ಪ ಮೇಲೆ. ಮನೆಬಾಗಿಲಿನಲ್ಲಿ ಕಿಲೋಗೆ 28 ರೂಪಾಯಿ ಹಿಡಿದರೆ 3,150 ರೂಪಾಯಿ ಆಯಿತು. ಕೀಳುವುದಕ್ಕೂ ಕಾವಲಿಗೂ 400 ತೆಗೆದರೆ ಉಳಿಯುವುದು 2,750. ಈಗ ಮಾರ್ಚ್ ತಿಂಗಳಿನಲ್ಲಿ ಬಂದ ಗುತ್ತಿಗೆದಾರ 1,500 ರೂಪಾಯಿ ಎಣಿಸಿ ಕೈಯಲ್ಲಿಡುತ್ತಾನೆ.

ಈ 1,500ನ್ನು ಒಪ್ಪುವವರಲ್ಲಿ ಬಹಳ ಮಂದಿ ಬೆಲೆ ಸರಿಯೆಂದು ಒಪ್ಪುವುದಿಲ್ಲ, ಅಂದಿಗೆ ಹಣ ಬೇಕೆಂದು ಒಪ್ಪುತ್ತಾರೆ. ಹಾಗಿದ್ದರೆ ಅದು ಹಣ್ಣಿನ ವ್ಯಾಪಾರವಲ್ಲ, ಸಾಲ. ಸಾಲವೆಂದೇ ಲೆಕ್ಕ ಮಾಡಿ ನೋಡಬೇಕು. ಅದೇ 1,500 ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಮೂರರಷ್ಟು ದುಬಾರಿ ಬಡ್ಡಿಗೆ ತಂದರೂ ಮಾರ್ಚ್‌ನಿಂದ ಜೂನ್‌ವರೆಗಿನ ಮೂರು ತಿಂಗಳಿಗೆ ಬಡ್ಡಿ 135 ರೂಪಾಯಿ. ಸ್ತ್ರೀಶಕ್ತಿ ಗುಂಪಿನಲ್ಲಿ ಪಡೆದರೆ ಇನ್ನೂ ಕಡಿಮೆ. ಮರವನ್ನು ಒಪ್ಪಿಸಿದರೆ ಬಿಟ್ಟುಕೊಡುವುದು 1,250. ಇದರಲ್ಲಿ ಗಾಳಿ-ಆಲಿಕಲ್ಲಿನ ಅಪಾಯಕ್ಕೆಂದು ಐದುನೂರು, ಆರುನೂರು ಹೋಗಲಿ ಎಂದರೂ ಉಳಿದದ್ದು ಬಡ್ಡಿಯೇ. ಅದು ಲೇವಾದೇವಿಯವನ ಬಡ್ಡಿಗಿಂತ ಹಲವು ಪಟ್ಟು ಹೆಚ್ಚು. ಲೇವಾದೇವಿಯವನನ್ನು ಬೈಯುವ ಮನೆಯವರು ಮರ ಗುತ್ತಿಗೆದಾರನಿಗೆ ಕಾಫಿ ಕೊಟ್ಟು ಕಳಿಸುವುದು ಸೋಜಿಗವೇ ಸರಿ.

ಗುತ್ತಿಗೆಗೆ ಕೊಡಲೇಬೇಕೆಂದಿದ್ದರೆ ಕಾಯಿ ಎಣಿಸುವ ಹಂತದವರೆಗೆ ತಡೆದು ಕೊಡುವುದು ಉತ್ತಮ. ಅಷ್ಟರಲ್ಲಿ ಅಪಾಯದ ಅರ್ಧ ಭಾಗ ಕಳೆದಿರುವುದರಿಂದ ಆ ಅರ್ಧಕ್ಕೆ ಬೆಲೆ ಕೊಡಬೇಕಾಗುವುದಿಲ್ಲ. ಮೇಲಿನ ಉದಾಹರಣೆಯ ಮರಕ್ಕೆ 2,000 ರೂಪಾಯಿಯ ಆಸುಪಾಸು ಕೇಳುವುದು ಅನ್ಯಾಯವಲ್ಲ. ಗುತ್ತಿಗೆದಾರನಿಗೂ 750 ಉಳಿಯುತ್ತದೆ. ಅರ್ಧ ಹಣ ಮುಂಗಡವಾಗಿಯೂ ಉಳಿದರ್ಧ ಮೊದಲ ಬುಟ್ಟಿ ಮರದಿಂದ ಇಳಿಯುವ ಮುನ್ನವೂ ಬರಬೇಕು. ಹಣ್ಣು ಹೊರಟುಹೋದ ಮೇಲೆ ಬಾಕಿ ಹಣ ಬರುವುದು ಕಷ್ಟ. ಕೊಂಬೆ ಮುರಿಯದೆ ಕೀಳುವುದನ್ನೂ ಮನೆಬಳಕೆಗೆ ಎಷ್ಟು ಹಣ್ಣು ಬಿಡಬೇಕೆಂಬುದನ್ನೂ ಎರಡು ಸಾಲಿನಲ್ಲಿ ಬರೆದಿಟ್ಟುಕೊಳ್ಳಬೇಕು. ಎರಡು ಮೂರು ವರ್ಷಕ್ಕೆ ಒಟ್ಟಿಗೆ ಬರೆದುಕೊಡುವುದು ಸರ್ವಥಾ ಬೇಡ. ಬಾದಾಮಿಯಂತಹ ತಳಿಗಳು ಒಂದು ವರ್ಷ ತುಂಬಿ ಬಿಟ್ಟು ಮರುವರ್ಷ ಕೈಕೊಡುತ್ತವೆ. ಈ ಏರಿಳಿತವನ್ನು ಮರದ ಒಡೆಯನಿಗಿಂತ ಗುತ್ತಿಗೆದಾರನೇ ಚೆನ್ನಾಗಿ ಬಲ್ಲ.

ಎಣಿಕೆಯೋ ತೂಕವೋ

ಮೆಟ್ರಿಕ್ ತೂಕ ಬಂದು ಆರು ದಶಕಗಳಾದರೂ ಹಳ್ಳಿಯ ಹಣ್ಣಿನ ವ್ಯಾಪಾರದಲ್ಲಿ ಎಣಿಕೆ ಪೂರ್ತಿ ಹೋಗಿಲ್ಲ. ಎಣಿಕೆಯಿಂದ ಮಾರುವಾಗ ದಪ್ಪ ಹಣ್ಣಿನವರಿಗೆ ನಷ್ಟ. ಒಂದು ಸಪೋಟ ಇನ್ನೊಂದಕ್ಕಿಂತ ಅಡ್ಡಳತೆಯಲ್ಲಿ ಕಾಲು ಭಾಗ ಹೆಚ್ಚಿದ್ದರೆ ತೂಕದಲ್ಲಿ ಅದು ಹೆಚ್ಚುಕಡಿಮೆ ಎರಡರಷ್ಟಿರುತ್ತದೆ. ಕಣ್ಣಿಗೆ ಮಾತ್ರ ‘ಸ್ವಲ್ಪ ದಪ್ಪ’ ಎಂದು ಕಾಣುತ್ತದೆ. ಕ್ರಿಕೆಟ್ ಬಾಲ್ ತಳಿಯ ಸಪೋಟವನ್ನು ಡಜನ್ ಲೆಕ್ಕದಲ್ಲಿ ಕೊಡುವವರು ಇದನ್ನು ನೆನಪಿನಲ್ಲಿಡಬೇಕು. ಬಾಳೆಗೊನೆಯನ್ನು ತೂಕಕ್ಕೆ ಕೊಡುವಾಗ ದಿಂಡಿನ ತೂಕವೂ ಸೇರಿದೆಯೇ ಇಲ್ಲವೇ ಎಂಬುದನ್ನು ಮೊದಲೇ ಮಾತನಾಡಿಕೊಳ್ಳಬೇಕು. ದಿಂಡು ಗೊನೆಯ ತೂಕದ ಹತ್ತನೆಯ ಒಂದು ಭಾಗದಷ್ಟು ಬರುತ್ತದೆ.

ಹಣ್ಣನ್ನು ದರ್ಜೆ ಮಾಡಿ ಮಾರಬೇಕೆಂದು ಎಲ್ಲ ಪುಸ್ತಕಗಳಲ್ಲಿಯೂ ಬರೆದಿರುತ್ತದೆ. ಎಲ್ಲ ಹಣ್ಣಿಗೂ ಅದು ಲಾಭವಲ್ಲ. ಗಾತ್ರ ಹೆಚ್ಚುಕಡಿಮೆ ಒಂದೇ ಇರುವ 50 ಕಿಲೋ ಸಪೋಟವನ್ನು ಮೂರು ಗುಡ್ಡೆ ಮಾಡಿ ಅರ್ಧ ದಿನ ಕಳೆಯುವುದರಲ್ಲಿ ಅರ್ಥವಿಲ್ಲ. ಮಾವಿನಲ್ಲಿ ಮಾತ್ರ ಕಲೆ ಬಿದ್ದದ್ದನ್ನೂ ಎಳೆಯದನ್ನೂ ಬೇರೆ ಮಾಡದಿದ್ದರೆ ಕೊಳ್ಳುವವನು ಇಡೀ ರಾಶಿಗೆ ಅತ್ಯಂತ ಕೆಟ್ಟ ಹಣ್ಣಿನ ಬೆಲೆ ಕಟ್ಟುತ್ತಾನೆ. ಬಲಿತದ್ದನ್ನು ಗುರುತಿಸಲು ನೀರಿನ ಪರೀಕ್ಷೆ ಸುಲಭ. ತೊಟ್ಟಿಯ ನೀರಿನಲ್ಲಿ ಬಲಿತ ಮಾವು ಮುಳುಗುತ್ತದೆ, ಎಳೆಯದು ತೇಲುತ್ತದೆ. ತೇಲಿದ್ದನ್ನು ಉಪ್ಪಿನಕಾಯಿಯ ದರಕ್ಕೆ ಬೇರೆ ಮಾರಬಹುದು. ಸಪೋಟವನ್ನು ಉಗುರಿನಿಂದ ಗೀರಿದಾಗ ಸಿಪ್ಪೆಯ ಕೆಳಗೆ ಹಸಿರು ಕಂಡರೆ ಇನ್ನೂ ಬಲಿತಿಲ್ಲ, ಹಳದಿ ಛಾಯೆ ಕಂಡು ಹಾಲು ಕಡಿಮೆ ಬಂದರೆ ಕೀಳಬಹುದು. ಎಳೆಯದನ್ನು ಕಿತ್ತು ಕ್ಯಾಲ್ಷಿಯಂ ಕಾರ್ಬೈಡಿನಿಂದ ಮಾಗಿಸುವುದನ್ನು ಆಹಾರ ಸುರಕ್ಷತೆಯ 2011ರ ನಿಯಮಗಳು ನಿಷೇಧಿಸಿವೆ. ಹುಲ್ಲಿನಲ್ಲಿ ಹಣ್ಣು ಮಾಡಿದ್ದೆಂದು ತಿಳಿದರೆ ನಗರದ ಗ್ರಾಹಕರು ಎರಡು ರೂಪಾಯಿ ಹೆಚ್ಚು ಕೊಡಲು ಹಿಂಜರಿಯುವುದಿಲ್ಲ. ಮುಂದಿನ ವರ್ಷ ಅದೇ ಬುಟ್ಟಿಯನ್ನು ಹುಡುಕಿಕೊಂಡು ಬರುವುದೂ ಉಂಟು.

ಕಾಲಕ್ಕೆ ತಕ್ಕ ಬೆಲೆಯ ವಿಚಾರದಲ್ಲಿ ಏಲಕ್ಕಿ ಬಾಳೆಯದೇ ವಿಶೇಷ. ವರಮಹಾಲಕ್ಷ್ಮಿ ಹಬ್ಬದಿಂದ ಆಯುಧಪೂಜೆಯವರೆಗೆ ಅದರ ಬೇಡಿಕೆ ಏರುತ್ತದೆ. ಗೊನೆ ಬಲಿಯಲು ನೆಟ್ಟಾಗಿನಿಂದ ಒಂದು ವರ್ಷ, ಮೇಲೆ ಒಂದೆರಡು ತಿಂಗಳು ಬೇಕು. ಹಿಂದಿನ ಮುಂಗಾರಿನ ಮೊದಲ ಮಳೆಗೆ ಕಂದು ನೆಟ್ಟವರ ಗೊನೆ ಹಬ್ಬದ ಹೊತ್ತಿಗೆ ಒದಗುತ್ತದೆ. ಆ ಒಂದೆರಡು ವಾರದಲ್ಲಿ ಬೆಲೆ ಕೇಳುವ ಸರದಿ ವ್ಯಾಪಾರಿಯದು. ಸೀಬೆಯಲ್ಲಿ ಮಳೆಗಾಲದ ಹಣ್ಣು ಸಪ್ಪೆ, ಹುಳುವಿನ ಕಾಟವೂ ಹೆಚ್ಚು. ಚಳಿಗಾಲದ ಹಣ್ಣಿಗೆ ರುಚಿಯೂ ಬೆಲೆಯೂ ಹೆಚ್ಚು.

ಹಲಸಿನ ಮಾತು

ಹಲಸನ್ನು ಇಡಿಯಾಗಿ ಮಾರುವುದೋ ಬಿಡಿಸಿ ತೊಳೆ ಮಾರುವುದೋ ಎಂಬುದು ಪ್ರತಿ ಬೇಸಿಗೆಯಲ್ಲಿ ಏಳುವ ಪ್ರಶ್ನೆ. ಹಣ್ಣಿನ ತೂಕದಲ್ಲಿ ತೊಳೆ ಸುಮಾರು ಮೂರರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. 12 ಕಿಲೋ ಹಣ್ಣಿನಲ್ಲಿ ಮೂರೂವರೆ ಕಿಲೋ ತೊಳೆ ಸಿಕ್ಕಿ, ಅದರಲ್ಲಿ ಮೂರು ಕಿಲೋ 60 ರೂಪಾಯಿಯಂತೆ ಮಾರಿದರೆ 180 ರೂಪಾಯಿ. ಬಿಡಿಸುವ ಕೂಲಿ, ಎಣ್ಣೆ, ಎಲೆ ಎಂದು 60 ತೆಗೆದರೆ 120. ಇಡೀ ಹಣ್ಣಿಗೆ ಊರಿನಲ್ಲಿ 80 ರೂಪಾಯಿ ಬರುತ್ತಿದ್ದರೆ ಬಿಡಿಸಿದ್ದಕ್ಕೆ 40 ಲಾಭ. ಆದರೆ ಬಿಡಿಸಿದ ತೊಳೆ ಸಂಜೆಯೊಳಗೆ ಹೋಗಬೇಕು. ಜನ ಬರುವ ದಿನಗಳಲ್ಲಿ ಮಾತ್ರ ಇದು ಸರಿ. ಗಟ್ಟಿ ತೊಳೆಯ ಹಣ್ಣಿಗೆ ಮಾತ್ರ ಸರಿ ಎಂಬುದನ್ನೂ ಸೇರಿಸಬೇಕು, ಮೆದು ತೊಳೆ ಎಲೆಯ ಮೇಲೆ ನಿಲ್ಲುವುದಿಲ್ಲ.

ಹಲಸು ಹೆಚ್ಚಾಗಿ ಬೀಜದಿಂದ ಎದ್ದ ಮರವಾದ್ದರಿಂದ ಒಂದರಂತೆ ಒಂದಿಲ್ಲ. ತುಮಕೂರು ಜಿಲ್ಲೆಯ ಚೇಳೂರಿನ ರೈತರ ತೋಟದಲ್ಲಿದ್ದ, ತಾಮ್ರಗೆಂಪು ತೊಳೆಯ ಸಣ್ಣ ಹಣ್ಣಿನ ಮರವೊಂದನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಗುರುತಿಸಿ ‘ಸಿದ್ದು’ ಎಂಬ ಹೆಸರಿನಲ್ಲಿ ಬಳಕೆಗೆ ತಂದಿತು. ಆ ಮರದಿಂದ ದೊಡ್ಡ ವರಮಾನ ಬಂದದ್ದು ಹಣ್ಣಿನಿಂದಲ್ಲ, ಕಸಿ ಗಿಡಗಳಿಂದ. ಪ್ರತಿ ವರ್ಷವೂ ಜನ ಹುಡುಕಿಕೊಂಡು ಬಂದು ಕೇಳುವ ಹಲಸು ಹಿತ್ತಲಿನಲ್ಲಿದ್ದರೆ, ಅದರ ಹಣ್ಣನ್ನು ಪಕ್ಕದ ಮರದ ದರಕ್ಕೆ ಕೊಡುವ ಮೊದಲು ತೋಟಗಾರಿಕೆ ಇಲಾಖೆಯ ಸಹಾಯಕರಿಗೆ ತೋರಿಸಬೇಕು.

ಮೇಲಿನ ಲೆಕ್ಕಗಳಿಗೆಲ್ಲ ಬೇಕಾದ್ದು ಒಂದು ನಲವತ್ತು ಪುಟದ ಪುಸ್ತಕ. ಮರಕ್ಕೊಂದು ಪುಟ. ಹೂ ಬಂದ ದಿನ, ಎಣಿಸಿದ ಕಾಯಿ, ಕಿತ್ತ ತೂಕ, ಯಾರಿಗೆ ಎಷ್ಟಕ್ಕೆ ಕೊಟ್ಟದ್ದು, ಕೂಲಿ, ಬಾಡಿಗೆ ಇಷ್ಟನ್ನು ಬರೆದರೆ ಸಾಕು. ಎಣಿಸಿದ ಕಾಯಿಗೂ ಇಳಿದ ಹಣ್ಣಿಗೂ ಇರುವ ವ್ಯತ್ಯಾಸ ಪ್ರತಿ ಮರಕ್ಕೂ ಬೇರೆ. ಎರಡು ಫಸಲು ಬರೆದಿಟ್ಟವರಿಗೆ ಮೂರನೆಯ ಮಾರ್ಚ್‌ನಲ್ಲಿ ಗುತ್ತಿಗೆದಾರ ಬಂದಾಗ, ಕಾಲು ಭಾಗ ಕಳೆಯಬೇಕೋ ಮೂರನೆಯ ಒಂದು ಭಾಗವೋ ಎಂಬುದು ಪುಟ ತಿರುವಿದರೆ ಸಿಗುತ್ತದೆ.